ಹಳೆಯ ಪಿಸ್ತೂಲಿಗೆ ಹೊಸ ಮೆರುಗು ಬೇಡ

ಪುರಾತನ ನಾಣ್ಯಗಳನ್ನು ಕೂಡಿಡುವವರಿರುವಂತೆ, ಹಿಂದಿನ ಸೈನ್ಯಗಳ ಪಿಸ್ತೂಲುಗಳನ್ನು ಕೂಡಿಡುವವರೂ ಪಶ್ಚಿಮ ದೇಶಗಳಲ್ಲಿ ಬಹುಮಂದಿ ಇದ್ದಾರೆ. ಅವರಲ್ಲಿ ಹೊಸಬರು ಮೊದಲು ಮರುಳಾಗುವುದು ಹೊಳಪಿಗೆ. ಮೊದಲು ಶಂಕಿಸಬೇಕಾದುದು ಆ ಹೊಳಪನ್ನೇ ಎಂಬುದು ನಮ್ಮ ಅಭಿಪ್ರಾಯ.

ಲ್ಯೂಗರ್ ಪಿಸ್ತೂಲನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಗೆಯಾರ್ಗ್ ಲ್ಯೂಗರ್ ರೂಪಿಸಿದ ಈ ಆಯುಧವನ್ನು ಸ್ವಿಟ್ಜರ್ಲೆಂಡಿನ ಸೈನ್ಯವು 1900ರಲ್ಲಿಯೂ ಜರ್ಮನಿಯ ಭೂಸೈನ್ಯವು 1908ರಲ್ಲಿಯೂ ಅಂಗೀಕರಿಸಿದವು. ಇದರ ನೀಲಗಪ್ಪು ಮೈ ಬಣ್ಣ ಬಳಿದು ಬಂದುದಲ್ಲ. ಉಕ್ಕಿಗೆ ಬೇಕೆಂದೇ ತುಕ್ಕು ಹಿಡಿಸಿ ಕುದಿಯುವ ನೀರಿನಲ್ಲಿ ಅದ್ದಿದರೆ, ಆ ಕೆಂಪು ತುಕ್ಕು ಕಬ್ಬಿಣದ ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದು, ಇದನ್ನೇ ಹಲವು ಬಾರಿ ಮಾಡಬೇಕು. ಟ್ರಿಗರ್ ಮೊದಲಾದ ಸಣ್ಣ ಭಾಗಗಳಿಗೆ ಬೇರೆಯೇ ಉಪಚಾರ. ಉಕ್ಕನ್ನು ಸುಮಾರು 230 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಅದರ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಮೂಡುತ್ತದೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಕಾಣುವ ಕಾರಣದಿಂದಲೇ ಈ ಪೊರೆಯು ಒಣಹುಲ್ಲಿನ ಹಳದಿಯಾಗಿ ಕಾಣುತ್ತದೆ. ಮೌಸರ್ ಕಾರ್ಖಾನೆಯು 1937ರ ಸುಮಾರಿಗೆ ಈ ಎರಡು ವಿಧಾನಗಳನ್ನೂ ಕೈಬಿಟ್ಟಿತು. ಹೀಗಿರಲು, ಮೇಲೆ 1912 ಎಂಬ ಮುದ್ರೆಯಿದ್ದು ಟ್ರಿಗರ್ ಮಾತ್ರ ನೀಲಗಪ್ಪಾಗಿರುವ ಪಿಸ್ತೂಲಿನ ವಿಷಯದಲ್ಲಿ ಏನು ಹೇಳಬೇಕು? ಯಾರೋ ಅದನ್ನು ಅರೆದು, ಹೊಸದಾಗಿ ಬಣ್ಣ ಹಿಡಿಸಿರಬೇಕು.

ಬಳಿಕ ಸಂಖ್ಯೆಗಳು. ಭಾಗಗಳನ್ನು ಕೈಯಿಂದ ಹೊಂದಿಸುತ್ತಿದ್ದುದರಿಂದ ಚೌಕಟ್ಟಿನ ಮೇಲೆ ಪೂರ್ಣ ಸಂಖ್ಯೆಯನ್ನೂ ಚಿಕ್ಕ ಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿಗಳನ್ನೂ ಒತ್ತುತ್ತಿದ್ದರು. ಇವು ಹೊಂದಿದರೆ ಸಂಗ್ರಾಹಕರಿಗೆ ಪರಮಾನಂದ! ಆದರೆ ಅಂಕಿಯನ್ನು ಅರೆದು ಬೇರೆಯದನ್ನು ಒತ್ತುವ ಕುಶಲಿಗಳೂ ಇಲ್ಲದಿಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಮಸೂರ ಹಿಡಿದು ನೋಡಬೇಕು. ಸುತ್ತಲಿನ ಮೈ ಕೊಂಚ ತಗ್ಗಿದ್ದು, ಹಳೆಯ ಮುದ್ರೆಗಳ ಅಂಚು ಮೊಂಡಾಗಿದ್ದರೆ, ಅಲ್ಲಿ ಅರ ಆಡಿದೆಯೆಂದೇ ಸಂದೇಹಿಸಬೇಕು.

ಎಲ್ಲ ಬದಲಾವಣೆಯೂ ಮೋಸವಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನ್ ಸರಕಾರವು ಉಳಿಸಿಕೊಂಡ ಹಲವು ಪಿಸ್ತೂಲುಗಳಿಗೆ 1920 ಎಂಬ ಎರಡನೆಯ ಮುದ್ರೆ ಬಿದ್ದಿತು. ಅದೂ ಆ ಆಯುಧದ ಚರಿತ್ರೆಯ ಭಾಗವೇ. ಅದನ್ನು ಕಳಂಕವೆಂದು ಬಗೆದು ಅಳಿಸುವವರ ಬುದ್ಧಿಗೆ ಏನೆನ್ನೋಣ?

ಅಳಿದ ಅಂಕಿಯನ್ನಾದರೂ ಆಮ್ಲ ಸವರಿ ಎಷ್ಟೋ ಬಾರಿ ಹೊರಗೆಡಹಬಹುದು. ಮುದ್ರೆಯ ಪೆಟ್ಟು ಅಡಿಯ ಉಕ್ಕನ್ನೂ ಅಮುಕಿರುತ್ತದೆ. ಮೂಲ ಮೈಪದರವನ್ನು ಮರಳಿ ತರುವ ರಸಾಯನ ಯಾವುದೂ ಇಲ್ಲ. ಬಳಕೆಯಿಂದ ಸವೆದು ಬೆಳ್ಳಗಾದ ಅಂಚುಳ್ಳ ಪಿಸ್ತೂಲಿಗೇ ನಾವು ಹೆಚ್ಚು ಬೆಲೆ ಕಟ್ಟುತ್ತೇವೆ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂಥದನ್ನು ಇಟ್ಟುಕೊಳ್ಳುವಂತಿಲ್ಲ. ಆದುದರಿಂದ ವಾಚಕರಲ್ಲಿ ಬಹುಮಂದಿಗೆ ಇದರ ದರ್ಶನವಾಗುವುದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆಯೇ. ಅಲ್ಲಿಯೂ ಮೊದಲು ಟ್ರಿಗರಿನ ಬಣ್ಣವನ್ನು ನೋಡಿರಿ.