ಕೊಳಗ ಹೋಯ್ತು, ಕಾಗದ ಬಂತು

ತಾಲ್ಲೂಕು ಕಚೇರಿಯ ಕಿಟಕಿಯ ಆಚೆ ಕೂತವರು ನಮ್ಮ ಜನಕ್ಕೆ ಹೇಳುವ ಮಾತು ಒಂದೇ: "ದಾಖಲೆ ತಗೊಂಡು ಬಾ." ಸಾಗರದಲ್ಲೂ ಇದೇ, ಹೊಸನಗರದಲ್ಲೂ ಇದೇ, ತೀರ್ಥಹಳ್ಳಿಯಲ್ಲೂ ಇದೇ. ಮನೆ ಅಡಿಯ ಜಾಗಕ್ಕೆ ಹಕ್ಕುಪತ್ರ ಕೇಳಿದರೆ ದಾಖಲೆ. ಕಾಡಂಚಿನಲ್ಲಿ ಗೆಯ್ದ ಒಂದೆಕರೆ ಗದ್ದೆಗೆ ದಾಖಲೆ. ರಸ್ತೆ ಬದಿಯ ಗೂಡಂಗಡಿಗೆ ದಾಖಲೆ. ಸರಿ ಸ್ವಾಮಿ, ತರೋಣ. ಅದಕ್ಕೆ ಮೊದಲು ನಮ್ಮದೊಂದು ಪ್ರಶ್ನೆಗೆ ಉತ್ತರ ಹೇಳಿ. ಈ ದಾಖಲೆ ಬರೆಯುವ ಕೈ ಯಾರದಾಗಿತ್ತು? ಯಾರ ಜಗಲಿ ಮೇಲೆ ಕೂತು ಬರೆದರು? ಆ ಜಗಲಿ ಹತ್ತುವ ಹಕ್ಕು ನಮ್ಮಜ್ಜನಿಗೆ ಇತ್ತೇನು?

ಊರಿನ ಲೆಕ್ಕ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತಿದ್ದ ಕಾಲ ಅದು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡಲು 1961ರಲ್ಲಿ ಕಾಯ್ದೆಯೇ ಬರಬೇಕಾಯಿತು. ಅಲ್ಲಿವರೆಗೆ ಯಾರು ಉತ್ತರು, ಯಾರು ಬಿತ್ತಿದರು ಎಂದು ಬರೆಯುವವರು ಉಳದವರೇ. ಅಂಗಳದಾಚೆ ಕೈಕಟ್ಟಿ ನಿಂತವನ ಹೆಸರು ಕಡತಕ್ಕೆ ಹತ್ತಲಿಲ್ಲ. ಇವತ್ತು ಆ ಕಡತವನ್ನೇ ನಮ್ಮ ಮುಖಕ್ಕೆ ಹಿಡಿದು "ನಿನ್ನ ಹೆಸರೆಲ್ಲಿದೆ ತೋರ್ಸು" ಅನ್ನುತ್ತಾರೆ. ಹೆಸರು ಬಿಟ್ಟವರೂ ಅವರೇ, ಹೆಸರಿಲ್ಲ ಎಂದು ಓಡಿಸುವವರೂ ಅವರೇ.

ಇದು ಈ ನೆಲಕ್ಕೆ ಹೊಸತಲ್ಲ. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾಕೆ? ಗೇಣಿ ಅಳೆಯುವ ಕೊಳಗದಲ್ಲೇ ಮೋಸವಿತ್ತು. ಒಡೆಯನ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಎಚ್. ಗಣಪತಿಯಪ್ಪನವರು ಜನರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ದೂರದಿಂದ ಬಂದ ರಾಮಮನೋಹರ ಲೋಹಿಯಾ ಇಲ್ಲಿ ಬಂಧನಕ್ಕೊಳಗಾದರು. ಆ ಕೊಳಗ ಈಗ ಅಟ್ಟ ಸೇರಿದೆ. ಅದರ ಜಾಗಕ್ಕೆ ಕಾಗದ ಬಂದಿದೆ. ನಮ್ಮಿಂದ ಕೇಳುವಾಗ ದೊಡ್ಡದು, ಉಳ್ಳವರಿಂದ ಕೇಳುವಾಗ ಚಿಕ್ಕದು. ನಂಬಿಕೆ ಬರದಿದ್ದರೆ ಮುಂದೆ ಓದಿ.

2020ರಲ್ಲಿ ಭೂಸುಧಾರಣಾ ಕಾಯ್ದೆಯನ್ನು ತಿದ್ದಿ 79-ಎ, 79-ಬಿ ಕಲಮುಗಳನ್ನು ಕಿತ್ತುಹಾಕಿದರು. ಅದರ ಅರ್ಥ ಇಷ್ಟೇ: ದುಡ್ಡಿದ್ದವನು ಕೃಷಿ ಭೂಮಿ ಕೊಳ್ಳಲು ಬಂದರೆ "ನೀನು ರೈತನೇನಯ್ಯಾ? ನಿನಗೆ ಬೇರೆ ಕಡೆಯಿಂದ ಎಷ್ಟು ವರಮಾನ?" ಎಂದು ಕೇಳುವಂತಿಲ್ಲ. ಅವನಿಗೆ ಕಾಗದ ಕಮ್ಮಿಯಾಯಿತು. ನಮಗೋ? 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳನ್ನು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೇಳುತ್ತದೆ. ಲೆಕ್ಕ ಹಾಕಿ, 1930ಕ್ಕೆ ಹೋಗಿ ನಿಲ್ಲುತ್ತದೆ. 1930ರಲ್ಲಿ ಮಲೆನಾಡಿನ ಎಷ್ಟು ಕೇರಿಗಳ ಮಕ್ಕಳಿಗೆ ಸ್ಕೂಲಿನ ಬಾಗಿಲು ತೆರೆದಿತ್ತು? ಯಾರ ಕೈಗೆ ರಶೀದಿ ಕೊಡುತ್ತಿದ್ದರು? ಇದು ದೊಡ್ಡ ಕೊಳಗ ಅಲ್ಲವೇ?

ಅಷ್ಟೇ ಆಗಿದ್ದರೆ ನಾವು ಬೈದು ಸುಮ್ಮನಾಗಬಹುದಿತ್ತು. ಆದರೆ ಕಚೇರಿಯವರು ಬಾಯಿಬಿಡದ ಮಾತೊಂದಿದೆ. ಅದೇ ಕಾಯ್ದೆಯ ನಿಯಮಗಳು ಇಂಥದೇ ಕಾಗದ ಬೇಕು ಎಂದು ಹಟ ಹಿಡಿಯಬಾರದು ಅನ್ನುತ್ತವೆ. ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಸಾಕ್ಷಿ. ಮನೆ, ಬದು, ಮಟ್ಟ ಮಾಡಿದ ಗದ್ದೆ ಸಾಕ್ಷಿ. ಹಳೇ ಬಾವಿ ಸಾಕ್ಷಿ, ಹೆಣ ಹೂತ ಜಾಗ ಸಾಕ್ಷಿ, ದೇವರ ಬನ ಸಾಕ್ಷಿ. ಇಂಥ ಒಂದಕ್ಕಿಂತ ಹೆಚ್ಚು ಸಾಕ್ಷಿ ಜೋಡಿಸಬೇಕು, ಅಷ್ಟೆ. ಅರ್ಜಿಯ ತನಿಖೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಕಾಯ್ದೆಯ 4ನೇ ಕಲಮಿನ 5ನೇ ಉಪಕಲಮು ಹೇಳುತ್ತದೆ. ನಮ್ಮಜ್ಜಿಯ ಬಾಯಿ ಮಾತಿಗೆ ಕಾಯ್ದೆ ಬೆಲೆ ಕೊಟ್ಟಿದೆ. ಕಿಟಕಿಯಾಚೆಯವರು ಮಾತ್ರ ಕೊಟ್ಟಿಲ್ಲ.

ಇನ್ನು ಮುಳುಗಡೆಯ ಕಥೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಿತು, ಶರಾವತಿ ಕಣಿವೆ ನೀರಾಯಿತು, ನಾಡಿಗೆ ದೀಪ ಬಂತು. ಮನೆಮಠ ಬಿಟ್ಟವರನ್ನು ಲಾರಿಯಲ್ಲಿ ತುಂಬಿ ಕಾಡಿನ ನೆಲಕ್ಕೆ ತಂದು ಇಳಿಸಿದರು. ಪರಿಹಾರದ ಲೆಕ್ಕ ಪಹಣಿ ನೋಡಿ. ಪಹಣಿಯಲ್ಲಿ ಕೂಲಿಯವನ ಹೆಸರು ಎಲ್ಲಿರಬೇಕು? ಜಮೀನು ಕಳಕೊಂಡವರಿಗೆ ಕೊಟ್ಟ ನೆಲಕ್ಕಾದರೂ ಕಾಗದ ಸರಿ ಇತ್ತೇ ಎಂದರೆ ಅದೂ ಇಲ್ಲ. ಆ ಕಾಡನ್ನು ಅರಣ್ಯದ ಲೆಕ್ಕದಿಂದ ಬಿಡಿಸಿದ ರಾಜ್ಯದ ಆದೇಶಗಳಿಗೆ ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲವೆಂದು 2021ರಲ್ಲಿ ಹೈಕೋರ್ಟು ಅವುಗಳನ್ನು ಒಪ್ಪಲಿಲ್ಲ. 2022ರಲ್ಲಿ ಸರ್ಕಾರ ಆದೇಶಗಳನ್ನೇ ಹಿಂಪಡೆಯಿತು. ತಪ್ಪು ಮಾಡಿದ್ದು ಸರ್ಕಾರ, ದಾಖಲೆ ಕಳಕೊಂಡದ್ದು ಸಂತ್ರಸ್ತ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು, ಸಂತೋಷ. ಅಷ್ಟಗಲದ ಹಿನ್ನೀರಿಗೆ ಸೇತುವೆ ಕಟ್ಟಿದವರಿಗೆ ಮನೆಗೂ ಪಹಣಿಗೂ ನಡುವೆ ಒಂದು ಕಾಲುಸಂಕ ಹಾಕಲು ಬರಲಿಲ್ಲವೆ?

ಉಳುವವನೇ ಹೊಲದೊಡೆಯ ಎಂಬುದನ್ನು ನಾವು ಹಗುರಾಗಿ ಕಾಣುವುದಿಲ್ಲ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶಕ್ಕೆ ಬಂತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬರಕೂಡದು ಎಂದಿತ್ತು; ಬಡವ ತನ್ನ ಬಾಯಿಂದಲೇ ತನ್ನ ಕಥೆ ಹೇಳಬಹುದಿತ್ತು. ಆ ಕಲಮನ್ನು 1987ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಏಳನೇ ನಮೂನೆ ತುಂಬಲು 1979ರ ಜೂನ್ 30 ಕಡೇ ದಿನ. ಆದರೆ ಗೇಣಿದಾರನ ಗದ್ದೆಯಲ್ಲಿ ನಾಟಿ ಮಾಡಿದ, ಅಡಿಕೆ ಸುಲಿದ, ಸೊಪ್ಪು ಹೊತ್ತ ನಮ್ಮ ಕೇರಿಯವನು ಗೇಣಿದಾರನೂ ಅಲ್ಲ. ಅವನಿಗೆಂದು ಅದೇ ಕಾಯ್ದೆಯಲ್ಲಿ 38ನೇ ಕಲಮು ಇತ್ತು: ಒಡೆಯನ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡ ಕೃಷಿ ಕೂಲಿಕಾರನಿಗೆ ಆ ಮನೆ ಜಾಗದ ಹಕ್ಕು. ಎಷ್ಟು ಗುಡಿಸಲುಗಳಿಗೆ ಈ ಸುದ್ದಿ ಮುಟ್ಟಿತು? ಸಾಗರದವರೇ ಆದ ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ 38-ಎ ಸೇರಿ, ದಾಖಲೆಯಿಲ್ಲದ ಹಟ್ಟಿ, ಹಾಡಿ, ತಾಂಡಗಳಲ್ಲಿ ವಾಸಿಸುವವನಿಗೆ ನೆಲೆಯ ಹಕ್ಕು ಎಂದಾಯಿತು. ಸರ್ಕಾರಿ ಜಾಗದ ಮನೆಗೆ ಹಳ್ಳಿಯಲ್ಲಿ 94-ಸಿ, ಪೇಟೆಯಲ್ಲಿ 94-ಸಿಸಿ ಇದೆ. ಬಗರ್‌ಹುಕುಂ ಸಾಗುವಳಿಗೆ ಅಜ್ಜನ ಕಾಲಕ್ಕೆ ನಮೂನೆ 50, ಅಪ್ಪನ ಕಾಲಕ್ಕೆ 53, ಮಗನ ಕಾಲಕ್ಕೆ 57. ನಮೂನೆಯ ನಂಬರು ಬೆಳೆಯಿತು, ಅರ್ಜಿ ಕಟ್ಟು ಬೆಳೆಯಿತು, ಗದ್ದೆ ಮಾತ್ರ ಇನ್ನೂ "ಒತ್ತುವರಿ".

ಕೊಟ್ಟ ನೆಲ ಉಳಿಯಿತೇ? 1978ರ ಪಿಟಿಸಿಎಲ್ ಕಾಯ್ದೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಅದು ಮಾರಾಟವೇ ಅಲ್ಲ ಎಂದಿತು. ಮದುವೆ ಸಾಲಕ್ಕೆ, ಆಸ್ಪತ್ರೆ ಖರ್ಚಿಗೆ ಹೆಬ್ಬೆಟ್ಟು ಒತ್ತಿಸಿಕೊಂಡವರಿಂದ ನೆಲ ವಾಪಸು ಕೇಳಬಹುದಿತ್ತು. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡಮಾಡಿ ಬಂದರೆ ಆಗದು ಎಂದಿತು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಬಂತು. ಆಮೇಲೂ "ಇಷ್ಟು ದಿನ ಎಲ್ಲಿದ್ದೆ" ಎಂಬ ಪ್ರಶ್ನೆ ಕೋರ್ಟಿನಲ್ಲಿ ನಿಂತಿಲ್ಲ. ಎಲ್ಲಿದ್ದೆವು? ಅದೇ ನೆಲದಲ್ಲಿ ಕೂಲಿ ಮಾಡುತ್ತಿದ್ದೆವು ಸ್ವಾಮಿ!

ಪೇಟೆಗೆ ಬನ್ನಿ. ಮಾರಿಜಾತ್ರೆಯಲ್ಲಿ, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ, ಬಸ್‌ಸ್ಟಾಂಡಿನ ಎದುರು ಹಣ್ಣು, ಮೀನು, ಬಳೆ, ಚಾ ಮಾರುವವರನ್ನು ಲಾಠಿಯಲ್ಲಿ ಎಬ್ಬಿಸುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತದೆ? ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸಬಾರದು. ಜಾಗ ಬದಲಿಸುವುದಾದರೆ 30 ದಿನದ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮೂರಿನ ಸಮಿತಿಯಲ್ಲಿ ಮೀನು ಮಾರುವ ಅಕ್ಕ ಇದ್ದಾಳೆಯೇ, ಹೋಗಿ ಕೇಳಿ. ವಾರದ ಕಂತು ಕಟ್ಟದಿದ್ದರೆ ಮನೆ ಬಾಗಿಲಲ್ಲಿ ಕೂತು ಮಾನ ಹರಾಜು ಹಾಕುವ ಸಾಲಗಾರರ ಕಿರುಕುಳ ಅಪರಾಧವೆಂದು 2025ರಲ್ಲಿ ರಾಜ್ಯದಲ್ಲಿ ಕಾನೂನಾಗಿದೆ. ಕಂತಿನ ಪುಸ್ತಕ ಮನೆಮನೆಯಲ್ಲಿದೆ, ಆ ಕಾನೂನಿನ ಸುದ್ದಿ ಎಷ್ಟು ಮನೆಯಲ್ಲಿದೆ?

ಈಗ ನಮ್ಮ ಮನೆಯೊಳಗಿನ ಒಡೆಯರಿಗೆ ಒಂದು ಮಾತು. ಹೊರಗೆ ಸಮಾನತೆಯ ಹಾಡು, ಒಳಗೆ ತಂಗಿಗೆ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ಈ ರಾಜ್ಯ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದಿತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಎಂದಿತು. 2020ರಲ್ಲಿ ಸುಪ್ರೀಂ ಕೋರ್ಟು, ಆ ಹಕ್ಕು ಹುಟ್ಟಿನಿಂದಲೇ ಬರುವುದು, 2005ರಲ್ಲಿ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದಿತು. ಸಿಕ್ಕ ಒಂದೆಕರೆಯನ್ನೂ ಗಂಡಸಿಗೇ ಅಳೆಯುವವನು ಕೊಳಗದ ಒಡೆಯನೇ, ಅವನು ಯಾವ ಕೇರಿಯಲ್ಲಾದರೂ ಇರಲಿ.

"ಕಾನೂನು ಆಳುವವರದು, ಅದನ್ನು ಕಟ್ಟಿಕೊಂಡು ಎಂತ ಮಾಡುವುದು ಮಾರಾಯ, ಬೀದಿಗಿಳಿಯೋಣ" ಎನ್ನುವ ಸಂಗಾತಿಗಳಿದ್ದಾರೆ. ಬೀದಿಗೆ ಇಳಿಯದೆ ಯಾವ ಕಾನೂನೂ ಬಂದಿಲ್ಲ, ಒಪ್ಪಿದೆವು. ಆದರೆ 1927ರಲ್ಲಿ ಮಹಾಡದ ಕೆರೆಗಿಳಿದು ನೀರು ಮುಟ್ಟಿದ ಅಂಬೇಡ್ಕರರು ಕೋರ್ಟನ್ನು ಬಿಟ್ಟುಕೊಡಲಿಲ್ಲ. ಹತ್ತು ವರ್ಷ ಹಿಡಿದ ಕೇಸು 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಪರ ಆಯಿತು. ಬೀದಿಯೂ ಬೇಕು, ಕೋರ್ಟೂ ಬೇಕು. ನಾವು ಬಿಟ್ಟ ಕೋರ್ಟಿನ ಜಾಗದಲ್ಲಿ ದಲ್ಲಾಳಿ ಕೂರುತ್ತಾನೆ. ಅರ್ಜಿ ಬರೆಯಲು ದುಡ್ಡು, ಕಡತ ಹುಡುಕಲು ದುಡ್ಡು, ಕಡೆಗೆ "ಆಗಲಿಲ್ಲ" ಎನ್ನಲೂ ದುಡ್ಡು.

ಹಾಗಾಗಿ ಹಳ್ಳಿ ಮೇಷ್ಟ್ರುಗಳೇ, ಕಾಲೇಜಿನ ತಮ್ಮ ತಂಗಿಯರೇ, ಕೇಳಿ. ಒಂದು ಕೇರಿಯನ್ನು ಹಿಡಿಯಿರಿ. ಪ್ರತಿ ಮನೆಯ ಪಹಣಿ, ಹಕ್ಕುಪತ್ರ, ಹಳೇ ರಶೀದಿ ತೆಗೆಸಿ ಓದಿ ಹೇಳಿ. ಹಿರಿಯರು ಬದುಕಿರುವಾಗಲೇ ಅವರ ಹೇಳಿಕೆ ಬರೆದು ಗ್ರಾಮಸಭೆಯ ಮುಂದಿಡಿ. ಅರ್ಜಿ ಕೊಟ್ಟರೆ ಸ್ವೀಕೃತಿ ಇಲ್ಲದೆ ಕಿಟಕಿ ಬಿಟ್ಟು ಕದಲಬೇಡಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಹೇಳಲೇಬೇಕು. ಬಡತನ ರೇಖೆಯ ಕೆಳಗಿನವರಿಗೆ ಆ ಹತ್ತೂ ಬೇಡ. ಪರಿಶಿಷ್ಟರಿಗೆ, ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಅದು ದಾನವಲ್ಲ, ಕೈಮುಗಿದು ಕೇಳಬೇಡಿ.

ಕಿಟಕಿಯಾಚೆಯವರಿಗೂ ಹೇಳಿಬಿಡುತ್ತೇವೆ. ದಾಖಲೆ ತರುತ್ತೇವೆ. ಒಬ್ಬೊಬ್ಬರೇ ಬರುವುದಿಲ್ಲ, ಕೇರಿಗೆ ಕೇರಿಯೇ ಬರುತ್ತೇವೆ. ಬಾವಿ ತೋಡಿದವಳನ್ನು, ಬದು ಕಟ್ಟಿದವನನ್ನು ಮುಂದೆ ನಿಲ್ಲಿಸುತ್ತೇವೆ. ಅವರು ಹೇಳುತ್ತಾರೆ, ನೀವು ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ. ಈಗ ಓದಲು ನಮಗೂ ಬರುತ್ತದೆ.