ಟಾನಿಕ್ ಬಾಟಲಿಯೂ ನಲ್ಲಿಯ ನೀರೂ

ಯಶವಂತನಗರದಲ್ಲಿ ಯಾರಿಗಾದರೂ ಆಪರೇಷನ್ ಎಂದು ಗೊತ್ತಾದರೆ ಮೊದಲು ತುಂಬುವುದು ಒಂದು ಕೈಚೀಲ. ಚಾದರ, ಫ್ಲಾಸ್ಕು, ರೇಷನ್ ಕಾರ್ಡು. ಅವುಗಳ ಸಂದಿಯಲ್ಲಿ ವಿಟಮಿನ್ ಸಿ, ಜಿಂಕ್ ಮಾತ್ರೆ, ರೋಗನಿರೋಧಕ ಶಕ್ತಿಯ ಟಾನಿಕ್. 2020ರಲ್ಲಿ ಕೊರೊನಾ ಬಂದ ಮೇಲೆ ಈ ಬಾಟಲಿಗಳಿಗೆ ಮರ್ಯಾದೆ ಹೆಚ್ಚಿದೆ. ಮೂರು ದಿನದ ಕೂಲಿ ಸುರಿದು ಕೊಂಡೆವಲ್ಲ, ಇನ್ನು ಸೋಂಕು ಹತ್ತಿರ ಸುಳಿಯದು ಎಂದು ನಾವು ನಂಬುತ್ತೇವೆ. ಈ ನಂಬಿಕೆಯ ಮೇಲೆಯೇ ನಮ್ಮ ತಕರಾರು.

2024ರ ನವೆಂಬರ್. ಸಂಡೂರಿನಲ್ಲಿ ಉಪಚುನಾವಣೆಯ ಮೈಕುಗಳು ಕೂಗುತ್ತಿದ್ದವು. ಅದೇ ದಿನಗಳಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಮುಂದೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಿತ್ತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಹೇಳಿ, ಆ ತಾಯಂದಿರು ಯಾವ ಟಾನಿಕ್ ಕುಡಿದಿದ್ದರೆ ಬದುಕುತ್ತಿದ್ದರು? ನರಕ್ಕೆ ನೇರ ಇಳಿಯುವ ದ್ರಾವಣದ ಶುದ್ಧಿಯನ್ನು ಕೈಚೀಲ ಹೊತ್ತ ಬಡವ ಪರೀಕ್ಷಿಸಲಾರ. ಅದನ್ನು ಮಾಡಬೇಕಾದವರು ಸಂಬಳ ಪಡೆಯುತ್ತಾರೆ.

ಹಾಗಾದರೆ ಮಾತ್ರೆಗಳೆಲ್ಲ ವ್ಯರ್ಥವೇ? ಒಂದು ಮಾತ್ರೆಯ ಪರವಾಗಿ ನಾವು ನಿಲ್ಲುತ್ತೇವೆ. ಸಂಡೂರಿನ ಕಬ್ಬಿಣ ಲಾರಿ ಹತ್ತಿತು, ರೈಲು ಹತ್ತಿತು, ಹಡಗು ಹತ್ತಿ ಚೀನಾಕ್ಕೂ ಹೋಯಿತು. ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿ ಮಾತ್ರ ಉಳಿಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅಂಥವರಿಗೆ ಆಪರೇಷನ್ನಿನ ಅಪಾಯ ಹೆಚ್ಚು. ಬಸುರಿಗೆ ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಕು, ಚಹಾದ ಜೊತೆ ನುಂಗಬಾರದು. ನಾವೋ, ಹೊಟ್ಟೆ ತೊಳಸುತ್ತದೆಂದು ಅದನ್ನು ತಿಪ್ಪೆಗೆ ಎಸೆದು, ಕೊನೆಯ ವಾರ ಬಣ್ಣದ ಬಾಟಲಿ ತರುತ್ತೇವೆ. ಬೆಳ್ಳುಳ್ಳಿಯ ಕ್ಯಾಪ್ಸೂಲ್, ವಿಟಮಿನ್ ಇ ಮುಂತಾದವು ರಕ್ತಸ್ರಾವ ಹೆಚ್ಚಿಸಬಹುದು. ಏನು ನುಂಗುತ್ತಿದ್ದೇವೆಂದು ಡಾಕ್ಟರರಿಗೆ ಹೇಳುವುದೂ ಇಲ್ಲ.

ಸೋಂಕು ತಡೆಯುವ ದಾರಿ ಹಳೆಯದು, ಅಗ್ಗದ್ದು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ ಸುಣ್ಣದ ಕ್ಲೋರಿನ್ ನೀರಿನಲ್ಲಿ ವೈದ್ಯರ ಕೈ ತೊಳೆಸಿದ. ಬಾಣಂತಿಯರ ಸಾವು ಇಳಿಯಿತು. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಮಾತೂ ಅಷ್ಟೇ ಸರಳ: ಆಪರೇಷನ್ನಿಗೆ ಮುಂಚೆ ಸ್ನಾನ ಮಾಡಿ, ಬ್ಲೇಡಿನಿಂದ ಕೂದಲು ಬೋಳಿಸಬೇಡಿ, ಆ್ಯಂಟಿಬಯಾಟಿಕ್ ಬೇಕಿದ್ದರೆ ಕೊಯ್ಯುವ ಮುನ್ನವೇ ಕೊಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಬೀಡಿ ಬಿಡಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ರೋಗಿಯನ್ನು ನೋಡಿಬರುವ ಇಯಾದತ್ ಪುಣ್ಯದ ಕೆಲಸ, ನಿಜ. ಆದರೆ ಟೆಂಪೋ ತುಂಬಿ ಹೋಗಿ, ಲಾರಿಯ ಕೆಂಧೂಳು ಮೆತ್ತಿದ ಬಟ್ಟೆಯಲ್ಲೇ ಮಂಚದ ಮೇಲೆ ಕೂತು, ಕೈ ತೊಳೆಯದೆ ಹಸುಗೂಸನ್ನು ಎತ್ತಿಕೊಳ್ಳುವುದು ಯಾವ ಪುಣ್ಯ? ಐದು ಹೊತ್ತು ವುಝೂ ಮಾಡುವವರಿಗೆ ಕೈ ತೊಳೆಯಲು ಹೇಳಿಕೊಡಬೇಕೆ?

ಆದರೂ ವಾರ್ಡಿನಲ್ಲಿ ನಲ್ಲಿ ಇರಬೇಕು, ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು ಇರಬೇಕು. ಮುಂದಿನ ಸಲ ಓಟು ಕೇಳಲು ಬಂದವರನ್ನು ಕೇಳೋಣ: ಆಸ್ಪತ್ರೆಯ ನಲ್ಲಿಯಲ್ಲಿ ನೀರು ಬರುತ್ತದೆಯೇ? ಡ್ರಿಪ್ಪಿನ ಬಾಟಲಿಯನ್ನು ಪರೀಕ್ಷಿಸಿದವರು ಯಾರು? ಐವರ ಸಾವಿಗೆ ಜವಾಬು ಕೊಡುವವರು ಯಾರು? ಉತ್ತರ ಸಿಗುವವರೆಗೆ ಟಾನಿಕ್ಕಿನ ದುಡ್ಡಿನಲ್ಲಿ ಮನೆಯ ಹೆಣ್ಣುಮಗಳಿಗೆ ಮೊಟ್ಟೆ, ಬೇಳೆ, ಸೊಪ್ಪು ತರೋಣ.