ನೀರು ಬಿಡುವ ಸಭೆ ರೈತರಿಗೂ ಕಾಣಲಿ



ಕಾಲುವೆಗೆ ನೀರು ಬಿಡುವ ದಿನ ಮತ್ತು ನಿಲ್ಲಿಸುವ ದಿನ, ಇವೆರಡೂ ಅಚ್ಚುಕಟ್ಟಿನ ರೈತರ ಇಡೀ ಹಂಗಾಮನ್ನು ನಿರ್ಧರಿಸುತ್ತವೆ. ಸಸಿಮಡಿ ಯಾವಾಗ ಹಾಕಬೇಕು, ಭತ್ತವೋ ಕಡಲೆಯೋ, ಗೊಬ್ಬರಕ್ಕೆ ಎಷ್ಟು ಸಾಲ ತರಬೇಕು ಎಂಬುದೆಲ್ಲ ಆ ದಿನಾಂಕಗಳನ್ನು ಅವಲಂಬಿಸಿದೆ. ಅವನ್ನು ಗೊತ್ತುಮಾಡುವುದು ನೀರಾವರಿ ಸಲಹಾ ಸಮಿತಿ. ಸಚಿವರು, ಶಾಸಕರು, ನೀರಾವರಿ ಇಂಜಿನಿಯರುಗಳು, ಕೃಷಿ ಇಲಾಖೆಯವರು ಅಲ್ಲಿ ಸೇರುತ್ತಾರೆ. ಹೆಚ್ಚಿನ ರೈತರಿಗೆ ಸಿಗುವುದು ಮರುದಿನದ ಪತ್ರಿಕೆಯ ನಾಲ್ಕು ಸಾಲು. ಆ ಸಭೆಯನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮ ಮೊಬೈಲಿನಲ್ಲಿ ನೋಡುವಂತಹ ಏರ್ಪಾಡು ಆಗಬೇಕೆಂಬುದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಭೆಗೆ ಬೆಳೆ ಪದ್ಧತಿಯ ಬಗ್ಗೆ ಹೇಳಲು ನನ್ನನ್ನು ಕರೆದಿದ್ದರು. ಆ ವರ್ಷ ಜಲಾಶಯ ತುಂಬಿರಲಿಲ್ಲ. ಇಂಜಿನಿಯರೊಬ್ಬರು ಲೆಕ್ಕವನ್ನು ಬಿಡಿಸಿ ಹೇಳಿದರು. ಕುಡಿಯುವ ನೀರಿಗೆ ಇಷ್ಟು, ಆವಿಯಾಗುವುದು ಇಷ್ಟು, ಕಾಲುವೆಯಲ್ಲಿ ಬಸಿಯುವುದು ಇಷ್ಟು ಎಂದು ಕಳೆಯುತ್ತಾ ಹೋದಂತೆ, ಉಳಿದ ನೀರು ಕಾಲುವೆಯ ಮೇಲ್ಭಾಗದ ಭತ್ತಕ್ಕೆ ಮಾತ್ರ ಸಾಲುವುದೆಂದು ಸ್ಪಷ್ಟವಾಯಿತು. ಕೆಳಭಾಗದವರು ಕಡಲೆ, ಜೋಳ ಹಾಕುವುದು ಕ್ಷೇಮವೆಂದು ನಾನೂ ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ. ಆದರೆ ಮರುದಿನ ಪತ್ರಿಕೆಯಲ್ಲಿ ಬಂದದ್ದು ಮಾರ್ಚ್ ಕೊನೆಯವರೆಗೆ ನೀರು ಎಂಬಷ್ಟೇ ಸುದ್ದಿ. ಅದನ್ನು ನಂಬಿ ಕೊನೆಯ ಹಳ್ಳಿಗಳವರೂ ಭತ್ತ ನಾಟಿ ಮಾಡಿದರು. ಹೊಡೆ ತುಂಬುವ ಹೊತ್ತಿಗೆ ಅವರ ತೂಬಿಗೆ ನೀರು ಬರಲೇ ಇಲ್ಲ. ಬೆಳೆ ನೋಡಲು ಹೋದಾಗ ಹಿರಿಯ ರೈತರೊಬ್ಬರು, “ಸಾಹೇಬ್ರ, ನೀರು ಕೆಳಗ ಮುಟ್ಟಂಗಿಲ್ಲಂತ ನಿಮಗ ಮೊದಲ ಗೊತ್ತಿತ್ತಂತ. ನಮಗ್ಯಾಕ ಹೇಳಲಿಲ್ಲ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದೇನೂ ಗುಟ್ಟಿನ ವಿಷಯವಾಗಿರಲಿಲ್ಲ; ಆ ಒಂದು ತಾಸಿನ ಮಾತು ಅವರವರೆಗೆ ತಲುಪಿರಲಿಲ್ಲ, ಅಷ್ಟೆ.

ಈ ಲೆಕ್ಕ ರೈತರಿಗೆ ಅರ್ಥವಾಗದು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಭತ್ತಕ್ಕೆ ಹಂಗಾಮಿನಲ್ಲಿ 1,200 ಮಿ.ಮೀ. ನೀರು ಬೇಕೆಂದು ಹಿಡಿದರೆ, ದಾರಿಯಲ್ಲಿ ಒಂದು ಹನಿಯೂ ಪೋಲಾಗದಿದ್ದರೂ ಇದು ಸುಮಾರು 5,800 ಎಕರೆಗೆ ಮಾತ್ರ ಆಗುತ್ತದೆ. 300 ಮಿ.ಮೀ. ಸಾಕಾಗುವ ಬೆಳೆಯಾದರೆ ಅದೇ ನೀರು 23,000 ಎಕರೆಗೆ ಬರುತ್ತದೆ. ಬಡ್ಡಿಯ ಲೆಕ್ಕವನ್ನು ಬಾಯಲ್ಲೇ ಹಾಕುವವರಿಗೆ ಇದು ಕಷ್ಟವೇ?

ತುಂಗಭದ್ರೆಯ ಅಚ್ಚುಕಟ್ಟಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025ರ ಕೊನೆಯಲ್ಲಿ, ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. 33 ಗೇಟುಗಳ ಆಣೆಕಟ್ಟೆಯ ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ. ಆದರೆ ಒಂದು ಬೆಳೆಯನ್ನೇ ಬಿಡಬೇಕಾದ ಕುಟುಂಬಕ್ಕೆ, ಅದಕ್ಕೆ ಕಾರಣವೇನು, ಬೇರೆ ದಾರಿಗಳನ್ನು ಯೋಚಿಸಿದರೇ ಎಂಬುದನ್ನು ಇಂಜಿನಿಯರುಗಳ ಬಾಯಿಂದಲೇ ಕೇಳುವ ಹಕ್ಕಿದೆ.

ಇದೇನೂ ಆಗದ ಕೆಲಸವಲ್ಲ. ಸಂಸತ್ತಿನ ಪ್ರಶ್ನೋತ್ತರ ವೇಳೆ 1990ರ ದಶಕದಲ್ಲೇ ದೂರದರ್ಶನದಲ್ಲಿ ಬರತೊಡಗಿತು. ಕಲಾಪದ ನೇರ ಪ್ರಸಾರಕ್ಕೆ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟು, 2022ರಿಂದ ಸಂವಿಧಾನ ಪೀಠದ ವಿಚಾರಣೆಗಳನ್ನು ತೋರಿಸತೊಡಗಿತು. ನಮ್ಮ ಹೈಕೋರ್ಟು 2021ರಲ್ಲೇ ಯೂಟ್ಯೂಬಿನಲ್ಲಿ ನೇರ ಪ್ರಸಾರ ಆರಂಭಿಸಿತ್ತು. ನ್ಯಾಯಪೀಠವನ್ನೇ ಮನೆಯಲ್ಲಿ ಕುಳಿತು ನೋಡಬಹುದಾದ ಕಾಲದಲ್ಲಿ ತೂಬಿನ ಲೆಕ್ಕವನ್ನು ತೋರಿಸಲು ಹಿಂಜರಿಕೆ ಏಕೆ?

ಹಿಂಜರಿಕೆಗೆ ಕಾರಣಗಳಿಲ್ಲವೆಂದಲ್ಲ. ಕ್ಯಾಮರಾ ಇದ್ದರೆ ಮುಖಂಡರು ಭಾಷಣಕ್ಕೆ ಇಳಿಯುತ್ತಾರೆ, ಅಧಿಕಾರಿಗಳು ಬಾಯಿ ಬಿಡುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಬೇಕಾದ ತುಣುಕನ್ನಷ್ಟೇ ಕತ್ತರಿಸಿ ಹರಡುವವರೂ ಇದ್ದಾರೆ. 2024ರಲ್ಲಿ ಹೈಕೋರ್ಟೇ ತನ್ನ ಕಲಾಪದ ತುಣುಕುಗಳ ದುರ್ಬಳಕೆಯನ್ನು ತಡೆಯಬೇಕಾಯಿತು. ಆದುದರಿಂದ ಪೂರ್ತಿ ಸಭೆಯ ಚಿತ್ರಮುದ್ರಿಕೆ ಎಲ್ಲರಿಗೂ ಸಿಗುವಂತೆ ಉಳಿಯಬೇಕು, ಜೊತೆಗೆ ನೀರಿನ ಲಭ್ಯತೆಯ ಪಟ್ಟಿಯೂ ಇರಬೇಕು. ನನ್ನ ಅಂಜಿಕೆ ಬೇರೆಯೇ. ನಿಜವಾದ ತೀರ್ಮಾನ ಹಿಂದಿನ ರಾತ್ರಿ ಮತ್ತೊಂದು ಕೋಣೆಯಲ್ಲಿ ಆಗಿಬಿಡಬಹುದು. ಕ್ಯಾಮರಾ ಅದಕ್ಕೆ ಮದ್ದಲ್ಲ. ಆದರೂ ಅಂಕಿಗಳನ್ನು ಎಲ್ಲರೆದುರು ಓದಿದ ಮೇಲೆ, ಅವಕ್ಕೆ ವಿರುದ್ಧವಾಗಿ ದಿನಾಂಕ ಗೊತ್ತುಮಾಡುವವರು ಕಾರಣ ಹೇಳಬೇಕಾಗುತ್ತದೆ.

ಕಾಲುವೆಯ ಕೊನೆಗೆ ನೀರಿನಂತೆಯೇ ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಬರುವುದಿಲ್ಲ, ಬಲ್ಲೆ. ಅಂತಹ ಕಡೆ ನೀರು ಬಳಕೆದಾರರ ಸಹಕಾರ ಸಂಘದವರು ಚಿತ್ರಮುದ್ರಿಕೆಯನ್ನು ಇಳಿಸಿಕೊಂಡು ಸಂಜೆ ಗೋಡೆಯ ಮೇಲೆ ತೋರಿಸಬಹುದು. ಮೂರು ತಾಸು ಕೂರಲಾಗದವರು ತಮ್ಮ ಕಾಲುವೆಯ ಭಾಗವನ್ನಷ್ಟೇ ನೋಡಲಿ.

ಮೊದಲು ನಿಮ್ಮ ಸಂಘದಲ್ಲಿ ಒಂದು ಠರಾವು ಮಾಡಿ, ಸಮಿತಿಯ ಅಧ್ಯಕ್ಷರಿಗೂ ಮುಖ್ಯ ಇಂಜಿನಿಯರಿಗೂ ಕಳುಹಿಸಿರಿ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಮಾಹಿತಿಯನ್ನು ವಿಡಿಯೋ ರೂಪದಲ್ಲಿಯೂ ಕೇಳಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಆದರೆ ಚಿತ್ರೀಕರಣವೇ ಆಗಿರದಿದ್ದರೆ ಕೊಡಲು ಏನೂ ಇರುವುದಿಲ್ಲ. ಆದ್ದರಿಂದ ಸಭೆಯ ನಂತರ ಕೇಳುವುದಕ್ಕಿಂತ ಮೊದಲೇ ಕೇಳಬೇಕು. ಹಿಂಗಾರಿನ ಸಭೆ ನವೆಂಬರಿನ ಸುಮಾರಿಗೆ ಸೇರುವುದು ವಾಡಿಕೆ. ನಿಮ್ಮ ಠರಾವು ದಸರೆಯೊಳಗೆ ಅವರ ಕೈ ಸೇರಲಿ.